ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ದಾರಿ ತಪ್ಪಿದ ಒಂದು ಪಾವತಿ, ಆಮೇಲೆ ಕಟ್ಟಿದ ಡೇಟಾಬೇಸ್

ಮಾರ್ಚ್ ತಿಂಗಳ ಒಂದು ಗುರುವಾರ ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಿಂದ ರೈತರೊಬ್ಬರಿಗೆ ಸೇರಬೇಕಿದ್ದ ಮೆಣಸಿನಕಾಯಿ ರೊಕ್ಕ ಅವರ ಅಣ್ಣನ ಖಾತೆಗೆ ಬಿತ್ತು. ಅಣ್ಣ ತಮ್ಮ ಇಬ್ಬರೂ ಮೊದಲು ಕೂಡಿ ಇದ್ದವರು. ಡಿಸೆಂಬರಿನಲ್ಲಿ ಮೊದಲ ಲಾಟು, ಅಂದರೆ ಒಟ್ಟಿಗೆ ಮಾರುವ ಮಾಲಿನ ರಾಶಿ, ಮಾರಿದಾಗ ಹಣ ಅಣ್ಣನ ಖಾತೆಗೇ ಹೋಗಿತ್ತು, ಆಗ ಅದೇ ಸರಿ. ಸಂಕ್ರಾಂತಿಯ ಹೊತ್ತಿಗೆ ವಾಟ್ನಿ, ಅಂದರೆ ಆಸ್ತಿಯ ಪಾಲು, ಆಯಿತು. ತಮ್ಮ ಬೇರೆ ಖಾತೆ ತೆರೆದು, ಪಾಸ್‌ಬುಕ್ಕಿನ ಝೆರಾಕ್ಸ್ ತಂದು ಅಂಗಡಿಯಲ್ಲಿ ಕೊಟ್ಟರು. ಗುಮಾಸ್ತರು ಅದನ್ನು ನೋಡಿ ಜನವರಿಯ ಲಾಟಿನ ಹಣ ಹೊಸ ಖಾತೆಗೆ ಹಾಕಿದರು, ಸರಿಯಾಗಿ ಮುಟ್ಟಿತು. ಮಾರ್ಚಿನ ಮೂರನೆಯ ಲಾಟಿನ ಹಣ ಮಾತ್ರ ಮತ್ತೆ ಅಣ್ಣನ ಖಾತೆ ಹಿಡಿಯಿತು. ವಾಟ್ನಿಯಲ್ಲಿ ಮೊದಲೇ ಮನಸ್ಸು ಮುರಿದಿದ್ದ ಮನೆ ಅದು. ಅಣ್ಣ ಹಣ ಹಿಂತಿರುಗಿಸಲು ಒಪ್ಪುವ ತನಕ ಅಂಗಡಿಯ ಮಾಲಕರು ಸ್ವಂತ ಕೈಯಿಂದ ತಮ್ಮನಿಗೆ ಕೊಟ್ಟು ನಿಭಾಯಿಸಿದರು.

ಹುಬ್ಬಳ್ಳಿಯಲ್ಲಿ ಡೇಟಾಬೇಸ್ ಕೆಲಸ ಮಾಡುವ ನನಗೆ ಕರೆ ಬಂದದ್ದು ಈ ಗದ್ದಲದ ನಂತರ. ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಹೇಗೆ ಜೋಡಿಸಿಡಬೇಕು ಎಂದು ತಿಳಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆದ್ದರಿಂದ ಮಾಲಕರ ಒಪ್ಪಿಗೆ ಪಡೆದು ಪೂರ್ತಿ ಬರೆಯುತ್ತಿದ್ದೇನೆ. ಅಂಗಡಿ ಯಾವುದು, ರೈತರು ಯಾರು, ಯಾವ ಊರು ಎಂಬುದನ್ನು ಬಿಟ್ಟಿದ್ದೇನೆ. ಕೆಳಗೆ ಬರುವ ಹೆಸರು, ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು.

ಹಾಳೆಯಲ್ಲಿ ಕಂಡದ್ದು

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ವ್ಯಾಪಾರ. ಹಂಗಾಮು ಏರಿದಾಗ ಹಾವೇರಿ, ಗದಗ, ಧಾರವಾಡ ಜಿಲ್ಲೆಗಳಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಮಾಲು ಬರುತ್ತದೆ. ಕಡ್ಡಿ, ಡಬ್ಬಿ, ಗುಂಟೂರು ಎಂದು ತಳಿವಾರು ಲಾಟು ಹಾಕುತ್ತಾರೆ. ಟೆಂಡರ್ ಆಗಿ, ತೂಕ ಆಗಿ, ಪಟ್ಟಿ (ರೈತನಿಗೆ ಕೊಡುವ ಲೆಕ್ಕದ ಚೀಟಿ) ಬರೆದು, ಹಣ ಸಂದಾಯ ಮಾಡಬೇಕು. ಈ ಅಂಗಡಿಯಲ್ಲಿ ಇದೆಲ್ಲವೂ ಒಂದೇ ಎಕ್ಸೆಲ್ ಹಾಳೆಯಲ್ಲಿತ್ತು. ಒಂದು ಲಾಟಿಗೆ ಒಂದು ಸಾಲು. ಸಾಲಿನಲ್ಲಿ ದಿನಾಂಕ, ರೈತನ ಹೆಸರು, ಊರು, ಫೋನ್, ಬ್ಯಾಂಕಿನ ಹೆಸರು, ಶಾಖೆ, ಐಎಫ್‌ಎಸ್‌ಸಿ, ಖಾತೆ ಸಂಖ್ಯೆ, ತಳಿ, ಚೀಲ, ತೂಕ, ದರ, ಖರೀದಿದಾರ, ಮುಂಗಡ, ಕೊಟ್ಟದ್ದು, ಬಾಕಿ.

ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಗುಮಾಸ್ತರು ಹಿರಿಯರು, ಅಂಗಡಿಯಲ್ಲಿ ಎಲ್ಲರಿಗೂ ಕಾಕಾ. ಜನವರಿಯ ಸಾಲನ್ನು ಬೆರಳಿಟ್ಟು ತೋರಿಸಿದರು: "ನಾ ತಿದ್ದೇನಿ ನೋಡ್ರಿ, ಇಲ್ಲೇ ಐತಿ ಹೊಸಾ ಖಾತೆ. ಆದ್ರೂ ರೊಕ್ಕ ಯಾಕ ಅತ್ತಾಗ ಹೋತು?"

ಕಾಕಾ ಹೇಳಿದ್ದು ನಿಜ. ಅವರು ತಿದ್ದಿದ್ದರು, ಆದರೆ ಜನವರಿಯ ಸಾಲಿನಲ್ಲಿ. ಡಿಸೆಂಬರಿನ ಸಾಲಿನಲ್ಲಿ ಹಳೆಯ ಖಾತೆ ಹಾಗೇ ಇತ್ತು. ಮಾರ್ಚಿನಲ್ಲಿ ಬ್ಯಾಂಕಿಗೆ ಕಳಿಸುವ ಯಾದಿಯನ್ನು ಮಾಲಕರ ಮಗ ವಿ-ಲುಕಪ್ ಎಂಬ ಸೂತ್ರ ಹಾಕಿ ತಯಾರಿಸಿದ್ದ. ಆ ಸೂತ್ರ ಕೊಟ್ಟ ಹೆಸರನ್ನು ಮೇಲಿನಿಂದ ಹುಡುಕುತ್ತ ಬಂದು ಮೊದಲು ಸಿಕ್ಕ ಸಾಲಿನಲ್ಲಿ ನಿಲ್ಲುತ್ತದೆ. ಕೆಳಗೆ ಅದೇ ಹೆಸರು ಇನ್ನೆಷ್ಟು ಸಲ ಇದ್ದರೂ ನೋಡುವುದಿಲ್ಲ. ಮೊದಲು ಸಿಕ್ಕದ್ದು ಡಿಸೆಂಬರಿನ ಸಾಲು, ಅಣ್ಣನ ಖಾತೆ. ಸೂತ್ರ ತನ್ನ ಕೆಲಸ ಸರಿಯಾಗಿಯೇ ಮಾಡಿತು, ಹುಡುಗನೂ ಸೂತ್ರವನ್ನು ಸರಿಯಾಗಿಯೇ ಬರೆದಿದ್ದ. ಒಬ್ಬ ರೈತನ ಖಾತೆ ಯಾವುದು ಎಂಬ ಒಂದೇ ಸಂಗತಿಗೆ ಆ ಹಾಳೆ ಎರಡು ಉತ್ತರ ಇಟ್ಟುಕೊಂಡಿತ್ತು. ದೋಷ ಅಲ್ಲಿತ್ತು. ಯಾರನ್ನು ಬೈದರೂ ಅದು ಹೋಗುತ್ತಿರಲಿಲ್ಲ, ಮುಂದಿನ ಹಂಗಾಮಿನಲ್ಲಿ ಇನ್ನೊಬ್ಬ ರೈತನ ಮೇಲೆ ಬರುತ್ತಿತ್ತು.

ಹುಡುಕುತ್ತ ಹೋದಂತೆ ಇನ್ನೊಂದು ಸಿಕ್ಕಿತು. ಕೆಲವು ಖಾತೆ ಸಂಖ್ಯೆಗಳ ಕೊನೆಯ ಅಂಕಿ ಅನುಮಾನ ಬರುವಷ್ಟು ಸಲ ಸೊನ್ನೆಯಾಗಿತ್ತು. ಪಾಸ್‌ಬುಕ್ಕಿನ ಝೆರಾಕ್ಸಿಗೆ ಹೋಲಿಸಿದರೆ ಅಲ್ಲಿ 7 ಇದೆ, ಇಲ್ಲಿ 0. ಎಕ್ಸೆಲ್ ಯಾವುದೇ ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಕಾಯ್ದುಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಹೊಡೆದರೆ ಕೊನೆಯದು ಸೊನ್ನೆಯಾಗುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಸೊನ್ನೆಯಿಂದ ಶುರುವಾಗುವ ಸಂಖ್ಯೆಯಾದರೆ ಮುಂದಿನ ಸೊನ್ನೆಗಳೇ ಮಾಯ. ಇದಕ್ಕೆ ಪರಿಹಾರ ಸುಲಭ: ಖಾತೆ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ, ಆದ್ದರಿಂದ ಅದನ್ನು ಅಕ್ಷರಗಳ ಸಾಲು ಎಂದೇ ಇಡಬೇಕು. ಡೇಟಾಬೇಸ್‌ನಲ್ಲಿ ಪ್ರತಿಯೊಂದು ಕಾಲಮ್ಮಿಗೂ ಅದರ ಜಾತಿ ಯಾವುದು ಎಂದು ಮೊದಲೇ ಹೇಳಬೇಕಾಗುತ್ತದೆ. ತೂಕ ಎಂದರೆ ದಶಾಂಶವಿರುವ ಸಂಖ್ಯೆ, ದಿನಾಂಕ ಎಂದರೆ ದಿನಾಂಕ, ಖಾತೆ ಎಂದರೆ ಅಕ್ಷರ. ಮೊದಮೊದಲು ಇದು ಕಿರಿಕಿರಿ ಎನಿಸಬಹುದು. ಫೆಬ್ರುವರಿ 30 ಎಂದು ಹೊಡೆದಾಗ ಅದು ಒಪ್ಪದೆ ನಿಂತದ್ದನ್ನು ಕಂಡ ಮೇಲೆ ಕಾಕಾಗೆ ಅದರ ಮೇಲೆ ಭರವಸೆ ಬಂತು.

ಕಿರ್ದಿಯಲ್ಲಿ ಇದ್ದದ್ದು

ಅಂಗಡಿಯ ಅಟ್ಟದ ಮೇಲೆ ಕೆಂಪು ಬಟ್ಟೆಯ ಹೊದಿಕೆಯ ಹಳೆಯ ಪುಸ್ತಕಗಳಿದ್ದವು. ದೀಪಾವಳಿಗೆ ಪೂಜೆ ಮಾಡಿ ತೆರೆಯುತ್ತಿದ್ದ ಕಿರ್ದಿ, ಜೊತೆಗೆ ಖಾತೆ ಪುಸ್ತಕ. ಒಂದನ್ನು ಇಳಿಸಿಕೊಂಡು ನೋಡಿದೆ. ಕಿರ್ದಿಯಲ್ಲಿ ದಿನದಿನದ ವ್ಯವಹಾರ ಒಂದರ ಕೆಳಗೊಂದು. ಪ್ರತಿ ಸಾಲಿನ ಪಕ್ಕದಲ್ಲಿ ಒಂದು ಸಣ್ಣ ಅಂಕಿ. ಅದು ಖಾತೆ ಪುಸ್ತಕದ ಪುಟ. ಆ ಪುಟಕ್ಕೆ ಹೋದರೆ ರೈತನ ಹೆಸರು, ತಂದೆಯ ಹೆಸರು, ಊರು ತಲೆಯಲ್ಲಿ ಒಂದೇ ಸಲ ಬರೆದಿದೆ, ಕೆಳಗೆ ಅವನ ಜಮಾ ಖರ್ಚು. ರೈತನ ವಿವರ ಬದಲಾದರೆ ಆ ಒಂದು ಪುಟದಲ್ಲಿ ತಿದ್ದಿದರೆ ಮುಗಿಯಿತು, ಕಿರ್ದಿಯ ಸಾಲುಗಳನ್ನು ಮುಟ್ಟಬೇಕಿಲ್ಲ.

ಡೇಟಾಬೇಸ್ ಪಾಠದಲ್ಲಿ ಹೇಳಿಕೊಡುವ ಪ್ರೈಮರಿ ಕೀ ಮತ್ತು ಫಾರಿನ್ ಕೀ ಇವೇ. ಖಾತೆ ಪುಸ್ತಕದಲ್ಲಿ ಒಂದು ಪುಟಕ್ಕೆ ಒಂದೇ ಸಂಖ್ಯೆ, ಅದೇ ಸಂಖ್ಯೆ ಇನ್ನೊಂದು ಪುಟಕ್ಕಿಲ್ಲ: ಅದು ಪ್ರೈಮರಿ ಕೀ. ಕಿರ್ದಿಯ ಸಾಲಿನ ಪಕ್ಕ ಆ ಸಂಖ್ಯೆಯನ್ನು ಬರೆದಿಟ್ಟರೆ ಅಲ್ಲಿ ಅದು ಫಾರಿನ್ ಕೀ. ಕಂಪ್ಯೂಟರ್ ತಂದಾಗ ಅಂಗಡಿಯವರು ಎರಡೂ ಪುಸ್ತಕಗಳನ್ನು ಒಂದು ಅಗಲವಾದ ಹಾಳೆಯಲ್ಲಿ ಕೂಡಿಸಿದರು. ಒಂದೇ ಕಡೆ ಎಲ್ಲ ಕಾಣುತ್ತದೆ ಎಂಬ ಅನುಕೂಲ ಸಿಕ್ಕಿತು, ಪುಟದ ಅಂಕಿ ಹೋಯಿತು. ಆ ಅಂಕಿ ಇದ್ದಿದ್ದರೆ ಮಾರ್ಚಿನ ತಪ್ಪು ಆಗುತ್ತಲೇ ಇರಲಿಲ್ಲ. ಅಜ್ಜನ ಕಾಲದ ಲೆಕ್ಕ ಹಳೆಯದಾಯಿತು ಎಂದು ಮಾಲಕರ ಮಗ ತಿಳಿದಿದ್ದ. ಅವನಿಗೆ ಆ ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಡೇಟಾಬೇಸ್ ಬಗ್ಗೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ.

ಮಾಹಿತಿಯನ್ನು ಹೀಗೆ ಬೇರೆ ಬೇರೆ ಕೋಷ್ಟಕಗಳಲ್ಲಿಟ್ಟು, ಸಂಖ್ಯೆಯಿಂದಲೇ ಜೋಡಿಸುವ ವಿಧಾನವನ್ನು ಗಣಿತದ ತಳಹದಿಯ ಮೇಲೆ ನಿಲ್ಲಿಸಿದವರು ಐಬಿಎಂನ ಎಡ್ಗರ್ ಕಾಡ್. 1970ರಲ್ಲಿ ಅವರ ಲೇಖನ ಬಂತು. ಅದಕ್ಕೂ ಮೊದಲು ಮಾಹಿತಿ ಬೇಕಾದರೆ ಅದು ಯಾವುದರ ಒಳಗೆ ಯಾವುದರ ಕೆಳಗಿದೆ ಎಂಬ ದಾರಿಯನ್ನು ಪ್ರೋಗ್ರಾಮ್ ಬರೆಯುವವರೇ ತಿಳಿದಿರಬೇಕಿತ್ತು. ಏನು ಬೇಕು ಎಂದಷ್ಟೇ ಹೇಳಿ, ದಾರಿ ಹುಡುಕುವುದನ್ನು ಯಂತ್ರಕ್ಕೆ ಬಿಡಿ ಎಂಬುದು ಕಾಡ್ ಅವರ ವಾದ. ಹಾಗೆ ಕೇಳುವ ಭಾಷೆಯನ್ನು ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಮುಂದಿಟ್ಟರು. ಇಂದಿನ ಎಸ್‌ಕ್ಯೂಎಲ್ ಅದರಿಂದಲೇ ಬೆಳೆದದ್ದು. ಕಾಡ್ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ರೈತನಿಗೆ ಯಾವ ಸಂಖ್ಯೆ?

ಮೊದಲ ಜಗಳ ಇಲ್ಲಿಯೇ. ರೈತನನ್ನು ಯಾವುದರಿಂದ ಗುರುತಿಸಬೇಕು?

ಹೆಸರು ಬೇಡ ಎನ್ನುವುದು ಎಲ್ಲರಿಗೂ ಒಪ್ಪಿಗೆಯಾಯಿತು. ನಮ್ಮ ಕಡೆ ಒಂದೇ ಊರಿನಲ್ಲಿ ಅಡ್ಡಹೆಸರೂ ಸೇರಿ ಒಂದೇ ಹೆಸರಿನ ಇಬ್ಬರು ಮೂವರು ಸಿಗುತ್ತಾರೆ. ಫೋನ್ ನಂಬರ್ ಇಡೋಣ ಎಂದರು ಮಾಲಕರು. ಹಾಳೆ ತೆಗೆದು ನೋಡಿದರೆ ಅಪ್ಪ ಮಗ ಇಬ್ಬರಿಗೂ ಒಂದೇ ನಂಬರ್, ಕೆಲವು ಕಡೆ ಊರಿನ ಟಂಟಂ ಚಾಲಕನ ನಂಬರ್, ಇಲ್ಲದವರಿಗೆ ಹತ್ತು ಸೊನ್ನೆ. ಆ ಹತ್ತು ಸೊನ್ನೆಯ ಲೆಕ್ಕದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ರೈತರೆಲ್ಲ ಒಬ್ಬನೇ ಮನುಷ್ಯನಾಗುತ್ತಿದ್ದರು. ಗೊತ್ತಿಲ್ಲದ್ದನ್ನು ಖಾಲಿ ಬಿಡಲು ಡೇಟಾಬೇಸ್‌ನಲ್ಲಿ ನಲ್ ಎಂಬ ವ್ಯವಸ್ಥೆ ಇದೆ. ನಲ್ ಎಂದರೆ ಸೊನ್ನೆಯೂ ಅಲ್ಲ, ಬರಿ ಜಾಗವೂ ಅಲ್ಲ, ಇಲ್ಲಿ ಮಾಹಿತಿ ಇಲ್ಲ ಎಂಬ ಗುರುತು ಅಷ್ಟೇ.

ಆಧಾರ್ ಎಂಬ ಮಾತು ಬಂದಾಗ ನಾನೇ ಬೇಡವೆಂದೆ. ದಲಾಲಿ ಅಂಗಡಿಯ ಲೆಕ್ಕಕ್ಕೆ ಅಂಥ ಸಂಖ್ಯೆ ಕೂಡಿಹಾಕುವ ಅಗತ್ಯವಿಲ್ಲ, ಅದನ್ನು ಕಾಯುವ ಹೊಣೆಯೂ ಬೇಡ. ಸರಕಾರದ ಫ್ರೂಟ್ಸ್ ನೋಂದಣಿಯಲ್ಲಿ ರೈತರಿಗೆ ಕೊಡುವ ಗುರುತಿನ ಸಂಖ್ಯೆ, ಎಫ್‌ಐಡಿ, ಇದೆಯಲ್ಲ ಎಂದ ಮಾಲಕರ ಮಗ. ಅದು ಕೇಳಲು ಚೆನ್ನಾಗಿತ್ತು. ಆದರೆ ಅದು ಹೊಲದ ಉತಾರದ (ಪಹಣಿಯ) ಜೊತೆ ಹೋಗುವ ಗುರುತು. ಬೇರೆಯವರ ಹೊಲವನ್ನು ಲಾವಣಿಗೆ ಮಾಡಿದವರು, ಆಂಧ್ರದಿಂದ ಮಾಲು ತಂದವರು ಅದನ್ನು ಎಲ್ಲಿಂದ ತರಬೇಕು?

ಕೊನೆಗೆ ಕಿರ್ದಿಯ ದಾರಿಯನ್ನೇ ಹಿಡಿದೆವು. ಅಂಗಡಿಯೇ ಪ್ರತಿ ರೈತನಿಗೆ ಒಂದು ಸಂಖ್ಯೆ ಕೊಡುತ್ತದೆ. 412 ಎಂದರೆ 412, ಅದರಲ್ಲಿ ಊರಿನ ಗುರುತಾಗಲಿ ಜಾತಿ, ವರ್ಷದ ಗುರುತಾಗಲಿ ಇಲ್ಲ. ಸಂಖ್ಯೆಯೊಳಗೆ ಅರ್ಥ ತುಂಬಿದರೆ, ಆ ಅರ್ಥ ಬದಲಾದ ದಿನ ಸಂಖ್ಯೆಯನ್ನೂ ಬದಲಿಸಬೇಕಾಗುತ್ತದೆ. ಒಮ್ಮೆ ಕೊಟ್ಟ ಸಂಖ್ಯೆ ಎಂದಿಗೂ ಇನ್ನೊಬ್ಬರಿಗೆ ಹೋಗುವುದಿಲ್ಲ. ಪಟ್ಟಿಯ ಮೇಲೆ ಅದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸುತ್ತಾರೆ. ಈಗ ಕೆಲವು ರೈತರು ಬಂದು, "ಕಾಕಾ, ನಂದು ನಾನೂರಾ ಹನ್ನೆರಡ್ರಿ" ಎಂದೇ ಹೇಳುತ್ತಾರೆ.

ಎಲ್ಲಿ ಒಮ್ಮೆ ಬರೆಯಬೇಕು, ಎಲ್ಲಿ ಮತ್ತೆ ಬರೆಯಬೇಕು

ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು, ಇದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಹೇಳುವಾಗ ಸುಲಭ. ಆ ಸಂಗತಿ ಯಾರಿಗೆ ಸೇರಿದ್ದು ಎಂದು ತೀರ್ಮಾನಿಸುವುದು ಕಷ್ಟ.

ಐಎಫ್‌ಎಸ್‌ಸಿಯನ್ನೇ ತೆಗೆದುಕೊಳ್ಳಿ. ಹಾಳೆಯಲ್ಲಿ ಅದು ರೈತನ ಪಕ್ಕ ಕೂತಿತ್ತು, ಆದರೆ ಅದು ರೈತನದ್ದಲ್ಲ. ಆ ಶಾಖೆಯಲ್ಲಿ ಖಾತೆ ಇರುವ ಎಲ್ಲರಿಗೂ ಅದು ಒಂದೇ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಎಸ್‌ವೈಎನ್‌ಬಿ ಎಂದು ಶುರುವಾಗುತ್ತಿದ್ದ ಹಳೆಯ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು, ಸಿಎನ್‌ಆರ್‌ಬಿ ಎಂದು ಶುರುವಾಗುವ ಹೊಸವು ಬಂದವು. ನಮ್ಮ ಹಳ್ಳಿಗಳಲ್ಲಿ ಆ ಬ್ಯಾಂಕಿನ ಖಾತೆ ಇದ್ದವರು ಎಷ್ಟೋ ಜನ. ಆಗ ಕಾಕಾ ಸಾಲು ಸಾಲಾಗಿ ಕೂತು ತಿದ್ದಿದ್ದರು, ತಪ್ಪಿಹೋದ ಸಾಲುಗಳು ಇನ್ನೂ ಉಳಿದಿದ್ದವು. ಶಾಖೆ ಎಂಬ ಬೇರೆ ಕೋಷ್ಟಕ ಮಾಡಿ, ಐಎಫ್‌ಎಸ್‌ಸಿಯನ್ನು ಅಲ್ಲಿ ಇಟ್ಟರೆ ಒಂದು ಶಾಖೆಗೆ ಒಂದೇ ತಿದ್ದುಪಡಿ. ಐಎಫ್‌ಎಸ್‌ಸಿ ಎಂದರೆ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ ಎಂಬ ನಿಯಮವನ್ನೂ ಆ ಕಾಲಮ್ಮಿಗೆ ಹಾಕಿದೆವು. ಐದನೆಯ ಜಾಗದಲ್ಲಿ ಇಂಗ್ಲಿಷಿನ 'ಓ' ಹೊಡೆದರೆ ಈಗ ಅದು ಒಳಗೇ ಹೋಗುವುದಿಲ್ಲ.

ಇನ್ನು ಈ ಪ್ರಕರಣದ ಮೂಲವಾದ ಖಾತೆ ಸಂಖ್ಯೆ. ರೈತನ ಸಾಲಿನಲ್ಲಿ ಒಂದು ಖಾತೆ ಇಟ್ಟು, ಬದಲಾದಾಗ ಅಳಿಸಿ ಹೊಸದು ಬರೆದರಾಯಿತು ಎಂದು ಮೊದಲು ತೋರುತ್ತದೆ. ಹಾಗೆ ಮಾಡಿದ್ದರೆ ಇನ್ನೊಂದು ಸುಳ್ಳು ಹುಟ್ಟುತ್ತಿತ್ತು. ಡಿಸೆಂಬರಿನ ಹಣ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಡೇಟಾಬೇಸ್ ತಮ್ಮನ ಹೊಸ ಖಾತೆ ತೋರಿಸುತ್ತಿತ್ತು. ಆ ದಿನ ಆ ಖಾತೆಯೇ ಹುಟ್ಟಿರಲಿಲ್ಲ. ವಾಟ್ನಿಯ ಜಗಳ ನಾಳೆ ಕೋರ್ಟಿಗೆ ಹೋದರೆ ಇಂಥ ದಾಖಲೆ ಅಂಗಡಿಯವರ ಕೊರಳಿಗೇ ಬರುತ್ತದೆ.

ಇಲ್ಲಿರುವುದು ಎರಡು ಸಂಗತಿ. ರೈತನಿಗೆ ಇನ್ನು ಮುಂದೆ ಎಲ್ಲಿಗೆ ಹಾಕಬೇಕು ಎಂಬುದು ಒಂದು. ಆ ದಿನ ಎಲ್ಲಿಗೆ ಹಾಕಿದೆವು ಎಂಬುದು ಇನ್ನೊಂದು. ಮೊದಲನೆಯದು ಬದಲಾಗಬಹುದು, ಎರಡನೆಯದು ನಡೆದುಹೋದದ್ದು, ಬದಲಾಗಬಾರದು. ಆದ್ದರಿಂದ ಖಾತೆಗಳಿಗೇ ಒಂದು ಕೋಷ್ಟಕ: ಖಾತೆ ಸಂಖ್ಯೆ, ಶಾಖೆ, ಯಾವ ರೈತ, ಯಾವಾಗಿನಿಂದ, ಯಾವಾಗಿನ ತನಕ. ಹಳೆಯ ಖಾತೆಯನ್ನು ಅಳಿಸುವುದಿಲ್ಲ, ಅದಕ್ಕೆ ಮುಕ್ತಾಯದ ದಿನಾಂಕ ಹಾಕುತ್ತಾರೆ. ಪಾವತಿ ಕೋಷ್ಟಕದ ಪ್ರತಿ ಸಾಲು ಆ ದಿನ ಬಳಸಿದ ಖಾತೆಯ ಸಾಲನ್ನೇ ತೋರಿಸುತ್ತದೆ. ಒಬ್ಬ ರೈತನಿಗೆ ಒಂದು ಹೊತ್ತಿಗೆ ಚಾಲ್ತಿಯಲ್ಲಿರುವ ಖಾತೆ ಒಂದೇ ಇರಬೇಕು ಎಂಬ ನಿಯಮವನ್ನು ಡೇಟಾಬೇಸ್‌ಗೇ ಹಾಕಿದ್ದೇವೆ. ಎರಡು ಚಾಲ್ತಿ ಖಾತೆ ಹಾಕಲು ಹೋದರೆ ಅದು ತಡೆಯುತ್ತದೆ.

ಹಮಾಲಿ ದರದ ಕಥೆಯೂ ಇದೇ. ಇಂದಿನ ದರ ಒಂದು ಕಡೆ ಇದೆ, ಆದರೆ ಪಟ್ಟಿ ಬರೆದ ದಿನದ ದರ ಆ ಪಟ್ಟಿಯಲ್ಲಿಯೂ ಉಳಿಯುತ್ತದೆ. ಮೇಲ್ನೋಟಕ್ಕೆ ಎರಡು ಸಲ ಬರೆದಂತೆ ಕಾಣುತ್ತದೆ. ಅವು ಬೇರೆ ಬೇರೆ ಸಂಗತಿಗಳು. ನಾರ್ಮಲೈಸೇಶನ್ ಕಲಿತ ಹೊಸಬರು ಇಂಥದ್ದನ್ನೆಲ್ಲ ಒಂದು ಕಡೆಗೆ ಎಳೆದು ಹಳೆಯ ಪಟ್ಟಿಗಳ ಮೊತ್ತವನ್ನೇ ಬದಲಿಸಿಬಿಡುವುದನ್ನು ನಾನು ಬೇರೆಡೆ ಕಂಡಿದ್ದೇನೆ.

ಲಾಟಿಗೂ ಪಾವತಿಗೂ ನಡುವೆ ಇನ್ನೊಂದು ತೊಡಕಿತ್ತು. ಎರಡು ಲಾಟಿನ ಹಣ ಒಂದೇ ಸಲ ಹೋಗಬಹುದು, ಒಂದು ಲಾಟಿನ ಹಣ ಎರಡು ಕಂತಿನಲ್ಲೂ ಹೋಗಬಹುದು. ಲಾಟಿನ ಸಾಲಿನಲ್ಲಿ ಪಾವತಿ ಸಂಖ್ಯೆ ಬರೆದರೆ ಎರಡನೆಯ ಕಂತಿಗೆ ಜಾಗವಿಲ್ಲ, ಪಾವತಿಯ ಸಾಲಿನಲ್ಲಿ ಲಾಟು ಬರೆದರೆ ಎರಡನೆಯ ಲಾಟಿಗೆ ಜಾಗವಿಲ್ಲ. ಇಂಥಲ್ಲಿ ನಡುವೆ ಮೂರನೆಯ ಕೋಷ್ಟಕ ಬೇಕು: ಈ ಪಾವತಿಯಿಂದ ಈ ಲಾಟಿಗೆ ಇಷ್ಟು. 5.60 ಕ್ವಿಂಟಲ್ ಡಬ್ಬಿ, ಕ್ವಿಂಟಲಿಗೆ 20,000ದಂತೆ 1,12,000 ಆಯಿತೆನ್ನಿ. ಸೋಮವಾರ 60,000, ಗುರುವಾರ 52,000 ಕೊಟ್ಟರೆ ನಡುವಿನ ಕೋಷ್ಟಕದಲ್ಲಿ ಎರಡು ಸಾಲು. ಬಾಕಿ ಎಂಬ ಕಾಲಮ್ಮನ್ನು ಎಲ್ಲಿಯೂ ಇಡಲಿಲ್ಲ. ಅದು ಕೇಳಿದಾಗ ಲೆಕ್ಕ ಹಾಕಿ ಹೇಳಬೇಕಾದದ್ದು. ಬರೆದಿಟ್ಟರೆ ಒಂದಲ್ಲ ಒಂದು ದಿನ ತಪ್ಪುತ್ತದೆ.

ಹಳೆಯ ಹಾಳೆ ತುಂಬಿದ್ದು

ಕೋಷ್ಟಕಗಳ ನಕ್ಷೆ ಬೇಗ ಮುಗಿಯಿತು. ಹೆಚ್ಚು ಶ್ರಮ ತಿಂದದ್ದು ಹಳೆಯ ಮಾಹಿತಿಯನ್ನು ತೊಳೆದು ಒಳಗೆ ಹಾಕುವ ಕೆಲಸ.

ಹಳೆಯ ಹಾಳೆಗಳಲ್ಲಿ ಕೆಲವು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಅವು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಅವನ್ನೆಲ್ಲ ಯೂನಿಕೋಡಿಗೆ, ಅಂದರೆ ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತಕ್ಕೆ, ತಂದೆವು. ಅಲ್ಲಿಯೂ ಒಂದು ಸೂಕ್ಷ್ಮ ಇದೆ. ಯೂನಿಕೋಡಿನಲ್ಲಿ 'ಕೊ' ಎಂಬುದರ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಕೂಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ತೆರ. ಹುಡುಕುವಾಗ ಮಾತ್ರ ಅದೇ ಕೊಟ್ರಪ್ಪ ಒಂದು ಕಡೆ ಸಿಗುತ್ತಾನೆ, ಇನ್ನೊಂದು ಕಡೆ ಸಿಗುವುದಿಲ್ಲ. ಒಳಗೆ ಹಾಕುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಕನ್ನಡದಲ್ಲಿ ಡೇಟಾಬೇಸ್ ಕಟ್ಟುವವರು ಇದನ್ನು ಮೊದಲ ದಿನವೇ ಮಾಡಿಕೊಳ್ಳುವುದು ಒಳ್ಳೆಯದು.

ಆಮೇಲೆ ಹೆಸರುಗಳು. ಬಸವರಾಜ, ಬಸವರಾಜಪ್ಪ, ಬಸಣ್ಣ ಒಬ್ಬನೇ ಇರಬಹುದು. ಒಂದೇ ಥರ ಬರೆದ ಎರಡು ಹೆಸರು ಇಬ್ಬರದಿರಬಹುದು. ಹತ್ತಿರದ ಹೆಸರುಗಳನ್ನು ಪಕ್ಕಪಕ್ಕ ತಂದು ನಿಲ್ಲಿಸುವ ಕೆಲಸ ಕಂಪ್ಯೂಟರಿಗೆ ಬಿಟ್ಟೆವು, ತೀರ್ಪು ಮಾತ್ರ ಕಾಕಾ ಅವರದು. ಅವರು ಯಾದಿ ನೋಡುತ್ತ ಹೋದರು: "ಇವ ಕೆರಿ ಓಣಿಯವ, ಅವ ಹೊಸಾ ಪ್ಲಾಟಿನವ. ಇಬ್ರೂ ಬ್ಯಾರೆ ಬ್ಯಾರೆ. ಕೂಡಸಬ್ಯಾಡ್ರಿ." ತಿಳಿಯದೆ ಹೋದಾಗ ಹಮಾಲರನ್ನು ಕೂಗಿ ಕೇಳಿದರು. ಚೀಲ ಇಳಿಸುವವರಿಗೆ ಯಾರ ಮಾಲು ಯಾರದೆಂದು ನೆನಪಿರುತ್ತದೆ. ಅನುಮಾನ ಉಳಿದ ಕಡೆ ಬೇರೆ ಬೇರೆಯಾಗಿಯೇ ಬಿಟ್ಟೆವು. ಇಬ್ಬರಾಗಿ ಬರೆದ ಒಬ್ಬನನ್ನು ಮುಂದೆ ಕೂಡಿಸುವುದು ಸುಲಭ. ಒಬ್ಬನಾಗಿ ಕೂಡಿಸಿದ ಇಬ್ಬರ ಲೆಕ್ಕವನ್ನು ಬಿಡಿಸುವುದು ಆಗದ ಮಾತು. ಸೊನ್ನೆಯಲ್ಲಿ ಮುಗಿಯುವ 16 ಅಂಕಿಯ ಖಾತೆಗಳನ್ನು ಮಾತ್ರ ಒಂದೊಂದಾಗಿ ಝೆರಾಕ್ಸ್ ಜೊತೆ ಹೋಲಿಸಿದೆವು, ಅಡ್ಡದಾರಿ ಇರಲಿಲ್ಲ.

ಮಾರುಕಟ್ಟೆಯ ದಿನ

ತಂತ್ರಾಂಶವಾಗಿ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಆರಿಸಿಕೊಂಡೆವು. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಒಬ್ಬರೇ ಬರೆಯುವ ಕೆಲಸವಾಗಿದ್ದರೆ ಪ್ರತಿ ಮೊಬೈಲಿನಲ್ಲೂ ಇರುವ ಎಸ್‌ಕ್ಯೂಲೈಟ್ ಧಾರಾಳ ಸಾಕಿತ್ತು. ಇಲ್ಲಿ ಸೋಮವಾರ ಗುರುವಾರ ತೂಕದ ಕಡೆ ಒಬ್ಬರು, ಪಟ್ಟಿಯ ಕಡೆ ಒಬ್ಬರು, ಪಾವತಿಗೆ ಒಬ್ಬರು ಏಕಕಾಲಕ್ಕೆ ಬರೆಯುತ್ತಾರೆ. ಮೊದಲು ಎಕ್ಸೆಲ್ ಕಡತವನ್ನು ಪೆನ್‌ಡ್ರೈವಿನಲ್ಲಿ ಅತ್ತಿಂದಿತ್ತ ಒಯ್ಯುತ್ತಿದ್ದರು. 'ಫೈನಲ್', 'ಫೈನಲ್ ಹೊಸದು' ಎಂದು ಹುಟ್ಟಿದ ಪ್ರತಿಗಳಲ್ಲಿ ಯಾವುದು ನಿಜವೆಂದು ಹೇಳುವವರಿರಲಿಲ್ಲ.

ಟ್ರಾನ್ಸಾಕ್ಷನ್ ಎಂಬುದರ ಬೆಲೆ ಕರೆಂಟ್ ಹೋದ ದಿನ ತಿಳಿಯಿತು. ಪಟ್ಟಿ ಮುಗಿಸುವಾಗ ಮೂರು ಬರಹ ಆಗಬೇಕು: ಪಾವತಿಯ ಸಾಲು, ಅದು ಯಾವ ಲಾಟಿಗೆ ಎಂಬ ಸಾಲು, ಮುಂಗಡದಿಂದ ಮುರಿದುಕೊಂಡ ಸಾಲು. ಎರಡು ಬರೆದು ಮೂರನೆಯದಕ್ಕೆ ಮೊದಲು ಯಂತ್ರ ಆರಿದರೆ, ರೈತನ ಮುಂಗಡ ತೀರದೆಯೇ ಪಟ್ಟಿಯಲ್ಲಿ ಹಣ ಕಡಿತವಾಗಿರುತ್ತದೆ. ಮೂರನ್ನೂ ಒಂದು ಟ್ರಾನ್ಸಾಕ್ಷನ್ ಎಂದು ಕಟ್ಟಿದ್ದರಿಂದ ಮೂರೂ ಆಗಬೇಕು, ಇಲ್ಲವೇ ಒಂದೂ ಆಗಬಾರದು. ಕರೆಂಟ್ ಬಂದ ಮೇಲೆ ನೋಡಿದರೆ ಆ ಪಟ್ಟಿಯ ಒಂದು ಸಾಲೂ ಇರಲಿಲ್ಲ. ಕಾಕಾ ಗಾಬರಿಯಾದರು. ಮತ್ತೆ ಬರೆದರೆ ಆಯಿತು ಎಂದು ತಿಳಿದ ಮೇಲೆ, ಅರ್ಧ ಬರೆದದ್ದನ್ನು ಹುಡುಕಿ ಸರಿಪಡಿಸುವ ಹಳೆಯ ರಾತ್ರಿಗಳನ್ನು ಅವರೇ ನೆನೆಸಿಕೊಂಡರು.

ಮಾಲಕರಿಗೆ ಹಿಡಿಸಿದ್ದು ಬೇರೆ. ಯಾವ ಊರಿನಿಂದ ಡಬ್ಬಿ ಎಷ್ಟು ಬಂತು, ಯಾವ ಖರೀದಿದಾರರಿಂದ ಹಣ ಬರುವುದು ತಡವಾಗುತ್ತಿದೆ ಎಂದು ಕೇಳಿದ ಕೂಡಲೇ ಉತ್ತರ ಬರುತ್ತದೆ. ಊರು, ತಳಿ, ದಿನಾಂಕ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಇರುವುದರಿಂದ ಇದಕ್ಕೆ ಹೊಸ ಹಾಳೆ ಮಾಡಬೇಕಿಲ್ಲ. ರೈತನ ಸಂಖ್ಯೆ ಮತ್ತು ದಿನಾಂಕದ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಹಾಕಿದ್ದೇವೆ, ಅಷ್ಟು ಸಾಕಾಗಿದೆ. ಎಲ್ಲ ಕಾಲಮ್ಮಿಗೂ ಹಾಕಿದರೆ ಪ್ರತಿ ಬರಹಕ್ಕೂ ಅಷ್ಟೂ ಇಂಡೆಕ್ಸ್ ತಿದ್ದುವ ಕೆಲಸ ಹೆಚ್ಚುತ್ತದೆ. ಪ್ರತಿ ಮಾರುಕಟ್ಟೆಯ ರಾತ್ರಿ ಒಂದು ಪ್ರತಿ ಬೇರೆ ಡಿಸ್ಕಿಗೆ ಹೋಗುತ್ತದೆ. ಮಾಲಕರ ಮಗ ಆಗಾಗ ಆ ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆದು ಬಾಕಿ ಲೆಕ್ಕ ತಾಳೆ ನೋಡುತ್ತಾನೆ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬಾರದು ಎಂದು ನಾನು ಒತ್ತಿ ಹೇಳಿದ್ದೆ.

ಒಂದು ಕೆಲಸ ಉಳಿದಿದೆ. ಪಾಲಿಗೆ ಮಾಡಿದ ಹೊಲದ ಮೆಣಸಿನಕಾಯಿ ಒಂದೇ ಲಾಟಾಗಿ ಬರುತ್ತದೆ, ಹಣ ಮಾತ್ರ ಹೊಲದವರಿಗೂ ದುಡಿದವರಿಗೂ ಬೇರೆ ಬೇರೆ ಹೋಗಬೇಕು. ನಾವು ಕಟ್ಟಿದ ನಕ್ಷೆಯಲ್ಲಿ ಒಂದು ಲಾಟಿಗೆ ಒಬ್ಬನೇ ರೈತ. ಈಗ ಇಡೀ ಹಣ ಒಬ್ಬರಿಗೆ ಹಾಕುತ್ತಾರೆ, ಅವರು ಹಂಚಿಕೊಳ್ಳುತ್ತಾರೆ, ಹಂಚಿಕೆಯಲ್ಲಿ ಮನಸ್ತಾಪ ಬಂದಾಗ ಅಂಗಡಿಗೆ ಬರುತ್ತಾರೆ. ಲಾಟು, ರೈತ, ಪಾಲು ಎಂಬ ಮೂರು ಕಾಲಮ್ಮಿನ ಕೋಷ್ಟಕವೊಂದನ್ನು ನಡುವೆ ಸೇರಿಸಬೇಕು. ಒಂದು ಲಾಟಿನ ಪಾಲುಗಳೆಲ್ಲ ಕೂಡಿ ಸರಿಯಾಗಿ ನೂರಕ್ಕೆ ನೂರು ಆಗಬೇಕೆಂಬ ನಿಯಮವೂ ಅದರ ಜೊತೆಗಿರಬೇಕು. ಪಾಲು ಎಷ್ಟೆಂದು ಯಾರ ಬಾಯಿಂದ ಕೇಳಿ ಬರೆಯಬೇಕು, ಇಬ್ಬರ ಸಹಿಯೂ ಬೇಕೇ ಎಂಬುದನ್ನು ಮಾಲಕರು ಡಿಸೆಂಬರಿನ ಆವಕ ಶುರುವಾಗುವ ಮೊದಲು ರೈತರ ಜೊತೆ ಕೂತು ತೀರ್ಮಾನಿಸಬೇಕಾಗಿದೆ.